ಹುಳ ಮಲಗಿದರೆ ವ್ಯಾನು ಏಳುತ್ತಿತ್ತು

ಆಗೆಲ್ಲ ದಿಬ್ಬೂರಹಳ್ಳಿಯ ನಮ್ಮ ಬೀದಿಗೆ ಬೆಳಗಾಗುತ್ತಿದ್ದದ್ದು ಕೋಳಿ ಕೂಗಿ ಅಲ್ಲ, ನಮ್ಮಪ್ಪ ವ್ಯಾನಿನ ಕೀ ತಿರುಗಿಸಿ. ವ್ಯಾನು "ಕ್ರ್... ಕ್ರ್..." ಅಂತ ಮುದುಕರ ಹಾಗೆ ಕೆಮ್ಮಿ, ಆಮೇಲೆ ಬರೀ "ಟಿಕ್" ಅಂದು ಸುಮ್ಮನಾಗುತ್ತಿತ್ತು. ಆ ಟಿಕ್ ಕೇಳಿದ್ದೇ ತಡ, ಎದುರುಮನೆ ಮುನಿಶಾಮಣ್ಣ ಬೇವಿನಕಡ್ಡಿ ಬಾಯಲ್ಲಿ ಕಚ್ಚಿಕೊಂಡೇ ಆಚೆ ಬರುತ್ತಿದ್ದ.

"ಏನ್ ನಾರಾಣಪ್ಪ, ಇವತ್ತೂ ಮಲ್ಕಂಡೈತಾ?"

"ಮಲ್ಕಂಡೈತೆ ಕಣಣ್ಣ, ಒಂದ್ ಕೈ ಹಾಕು."

ಮುನಿಶಾಮಣ್ಣ ಬಂದರೆ ಅವನ ಹಿಂದೆ ಹಾಲಿನ ಕ್ಯಾನು ಹಿಡಿದವರು, ತಲೆಗೆ ಟವಲ್ಲು ಸುತ್ತಿಕೊಂಡವರು, ಬೀಡಿ ಎಸೆದು ಬಂದವರು, ಎಲ್ಲ ಸೇರುತ್ತಿದ್ದರು. ನಾವು ಮಕ್ಕಳಂತೂ ಕರೆಯದೆಯೇ ಹಾಜರು. ಮನೆ ಮುಂದಿನಿಂದ ಅರಳಿಕಟ್ಟೆಯವರೆಗೆ ಸ್ವಲ್ಪ ಇಳಿಜಾರು. ಎಲ್ಲರೂ "ಐಸಾ" ಅಂದು ತಳ್ಳಿದರೆ ಕಟ್ಟೆ ಹತ್ತಿರ ವ್ಯಾನು ಒಂದು ಸಲ ಜಗ್ಗಿ, ನಮ್ಮ ಮುಖಕ್ಕೆಲ್ಲ ಹೊಗೆ ಊದಿ ಎದ್ದುಬಿಡುತ್ತಿತ್ತು. ಚಳಿಯಲ್ಲಿ ಆ ಪೆಟ್ರೋಲಿನ ವಾಸನೆ, ಅಂಗೈಗೆ ಅಂಟುವ ಇಬ್ಬನಿ, ಓಡಿ ಓಡಿ ಬಿಸಿಯಾದ ಕಿವಿ. ನಮಗೆ ಅದಕ್ಕಿಂತ ಒಳ್ಳೆ ಆಟ ಬೇರೆ ಇರಲಿಲ್ಲ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅಂತಾರಲ್ಲ, ಹಾಗೆ. ಅಪ್ಪನ ಮುಖ ನೋಡಿದರೆ ಸಂಕಟ ಏನು ಅಂತ ಗೊತ್ತಾಗುತ್ತಿತ್ತು.

ಯಾಕೆಂದರೆ ಆ ವ್ಯಾನು ಮನೆಗೆ ಬಂದದ್ದೇ ಸರೋಜತ್ತೆಗಾಗಿ. ಸರೋಜತ್ತೆ ಅಂದರೆ ಅಪ್ಪನ ಒಬ್ಬಳೇ ತಂಗಿ, ಮಂಚೇನಹಳ್ಳಿಗೆ ಕೊಟ್ಟಿದ್ದರು. ಹಿಂದೊಮ್ಮೆ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ನೋವು ಶುರುವಾದಾಗ ಹೇಳಿಟ್ಟಿದ್ದ ಟೆಂಪೊ ಬರಲಿಲ್ಲ, ಬಸ್ಸಿಗೆ ಇನ್ನೂ ಹೊತ್ತಿತ್ತು. ಫೋನ್ ಮಾಡಿದರೆ ಬರುವ ಆಂಬುಲೆನ್ಸ್ ನಮ್ಮ ಕಡೆ ಇನ್ನೂ ಇರದ ಕಾಲ. ಕೊನೆಗೆ ಎತ್ತಿನ ಗಾಡಿ ಕಟ್ಟಿದರು. ಮಗು ದಾರಿಯಲ್ಲೇ ಹೋಯಿತು. ಅತ್ತೆ ಉಳಿದದ್ದೇ ಹೆಚ್ಚು ಅಂತ ಎಲ್ಲರೂ ಹೇಳುತ್ತಿದ್ದರು. ಹೇಳುವಾಗ ಅಜ್ಜಿ ಮಾತ್ರ ಎದ್ದು ಒಳಗೆ ಹೋಗಿಬಿಡುತ್ತಿದ್ದಳು.

ಅತ್ತೆ ಮತ್ತೆ ಬಸುರಿ ಅಂತ ತಿಳಿದ ಮೇಲೆ ಅಪ್ಪ ಸುಮ್ಮನೆ ಕೂರಲಿಲ್ಲ. ಗೌರಿಬಿದನೂರಿನ ಕಿರಾಣಿ ಅಂಗಡಿಯವರೊಬ್ಬರ ಹಳೇ ಬಿಳಿ ವ್ಯಾನು ತಂದು ಮನೆ ಮುಂದೆ ನಿಲ್ಲಿಸಿದ. ಊರವರಿಗೆ ಹೇಳಿದ್ದು ರೇಷ್ಮೆ ಗೂಡು ಮಾರ್ಕೆಟ್ಟಿಗೆ ಸಾಗಿಸೋಕೆ ಅಂತ. ನಮಗೆಲ್ಲ ಗೊತ್ತಿತ್ತು, ಅದು ಅತ್ತೆಯ ವ್ಯಾನು. ಅವರೆಕಾಯಿ ಕಾಲಕ್ಕೆ ಅತ್ತೆ ಹೊಟ್ಟೆ ಹೊತ್ತುಕೊಂಡು ಬಂದಳು. ಬಂದ ಮೇಲೆ ವ್ಯಾನು ಕೈಕೊಡೋಕೆ ಶುರು ಮಾಡಿತು.

"ಇದ್ಯಾಕಣ್ಣ ಹಿಂಗಾಡ್ತದೆ?" ಅಂತ ಅತ್ತೆ ಜಗಲಿ ಮೇಲೆ ಕೂತು ಕೇಳುವಳು.

"ಚಳಿಗೆ ಕಣಮ್ಮ, ಸರಿ ಹೋಗ್ತದೆ ಬಿಡು," ಅಂತ ಅಪ್ಪ ನಗುವನು. ನಕ್ಕು ಆಚೆ ತಿರುಗಿದಾಗ ನಗು ಇರುತ್ತಿರಲಿಲ್ಲ. ನೋವು ಬರುವ ಹೊತ್ತಿಗೆ ಬೀದಿಯಲ್ಲಿ ತಳ್ಳುವವರು ಇಲ್ಲದಿದ್ದರೆ? ತಳ್ಳಿದರೂ ಏಳದಿದ್ದರೆ? ಮನೆಯವರೆಲ್ಲರ ಯೋಚನೆಯೂ ಅದೇ.

ನಮ್ಮ ಮನೆಯ ಕೆಲಸವೂ ಹೇಳಬೇಕು, ಇಲ್ಲದಿದ್ದರೆ ಕಥೆ ತಿಳಿಯೋಲ್ಲ. ನಮ್ಮದು ರೇಷ್ಮೆ ಹುಳ ಸಾಕುವ ಮನೆ. ಹಿತ್ತಲ ಕಡೆ ಹುಳುಮನೆ, ಅಲ್ಲಿ ಅಜ್ಜಿಯದೇ ಆಡಳಿತ. ಕಾಲು ತೊಳೆಯದೆ ಒಳಗೆ ಹೋದರೆ ಬೆನ್ನಿಗೆ ಬೀಳುತ್ತಿತ್ತು. ಹುಳ ಹೊಟ್ಟೆಬಾಕ ಜಾತಿ, ಅದರಲ್ಲೂ ದೊಡ್ಡದಾದ ಮೇಲೆ ಹಿಪ್ಪುನೇರಳೆ ಸೊಪ್ಪು ಹೊತ್ತು ಹೊತ್ತು ಸುರಿಯಬೇಕು. ನಡುನಡುವೆ ಮಾತ್ರ ಪೊರೆ ಬಿಡೋಕೆ ತಲೆ ಎತ್ತಿಕೊಂಡು ಅಲ್ಲಾಡದೆ ಕೂತುಬಿಡುತ್ತವೆ. ಅದಕ್ಕೆ ನಮ್ಮ ಕಡೆ 'ಜ್ವರ' ಅಂತೀವಿ. ಜ್ವರಕ್ಕೆ ಹೋದ ಹುಳ ಒಂದೆಲೆ ಮುಟ್ಟೋಲ್ಲ. ಆಗ ತೋಟಕ್ಕೂ ರಜ, ನಮಗೂ ರಜ. ಜ್ವರದಿಂದ ಎದ್ದವೋ, ಮನೆಮಂದಿಯೆಲ್ಲ ಸೊಪ್ಪಿನ ಹಿಂದೆ.

ಬೆಳಗಿನ ಮೇವಿಗೆ ಬೇಕಾದ ಸೊಪ್ಪನ್ನ ಸಂಜೆಯೇ ಕುಯ್ದು ತಂದು, ನಡುಮನೆ ಪಕ್ಕದ ತಂಪು ಕೋಣೆಯಲ್ಲಿ ಒದ್ದೆ ಗೋಣಿಚೀಲ ಹೊದಿಸಿ ಇಡುವುದು ಪದ್ಧತಿ. ಆ ವರ್ಷ ಅಜ್ಜಿ ಆ ಕೋಣೆಯನ್ನ ಸಾರಿಸಿ, ಸುಣ್ಣ ಬಳಿಸಿ, ಮಂಚ ಹಾಕಿಸಿ ಅತ್ತೆಗೆ ಕೊಟ್ಟಳು. "ನನ್ನ ಮಗಳು ಕಾಲು ಚಾಚ್ಕೊಂಡು ಮಲಗ್ಲಿ. ಸೊಪ್ಪಿಗೇನು, ವ್ಯಾನಲ್ಲೇ ಬಿದ್ದಿರ್ಲಿ," ಅಂದಳು. ಸರಿ, ತೋಟದಿಂದ ಬಂದ ಸೊಪ್ಪು ವ್ಯಾನಿನಲ್ಲೇ ಉಳಿಯೋಕೆ ಶುರುವಾಯಿತು. ಅತ್ತೆಗೆ ಕೋಣೆ ಕೊಟ್ಟಿದ್ದಕ್ಕೆ ಅಮ್ಮನೂ ಏನೂ ಅನ್ನಲಿಲ್ಲ. ಅವಳ ಗೊಣಗಾಟ ಬೇರೆಯದಕ್ಕೆ: "ದಿನಾ ಒಂದು ಮೂಲೆ ಸೊಪ್ಪು ಬಾಡಿ ಕಪ್ಪಾಗ್ತದಲ್ಲ ಅತ್ತೆ, ಯಾಕೆ?"

"ನೀರು ಸರಿಯಾಗಿ ಚಿಮುಕಿಸಿರಲ್ಲ ನೀನು," ಅನ್ನುವಳು ಅಜ್ಜಿ. ಅತ್ತೆ ಸೊಸೆ ಮಾತು ಅಲ್ಲಿಗೆ ಮುಗಿಯುತ್ತಿತ್ತು.

ಅಪ್ಪ ಬಿಡುವು ಸಿಕ್ಕಾಗ ವ್ಯಾನನ್ನ ಶಿಡ್ಲಘಟ್ಟಕ್ಕೆ ಓಡಿಸಿಕೊಂಡು ಹೋಗುವನು, ಬಾಷಣ್ಣನ ಹತ್ತಿರ. ಬಸ್ ಸ್ಟ್ಯಾಂಡಿನ ಹಿಂದೆ ಅವನ ಆಟೊ ಎಲೆಕ್ಟ್ರಿಕಲ್ ಅಂಗಡಿ. ನಾನೂ ಒಂದು ಸಲ ಹೋಗಿದ್ದೆ, ಅಲ್ಲಿ ಸಿಗುವ ಬಿಸಿ ಸಮೋಸದ ಆಸೆಗೆ. ಬಾಷಣ್ಣ ಬ್ಯಾಟರಿಯ ಒಂದು ತಂತಿ ಬಿಚ್ಚಿ, ಬ್ಯಾಟರಿಗೂ ಆ ತಂತಿಗೂ ನಡುವೆ ಒಂದು ಬಲ್ಬು ಹಿಡಿದ.

"ನೋಡು ಪಾಪ, ಗಾಡಿ ಆಫ್ ಆಗೈತೆ. ಆದ್ರೂ ಒಳಗೆ ಯಾವನಾದ್ರೂ ಕಳ್ಳ ಕರೆಂಟ್ ಕುಡೀತಾವ್ನೆ ಅಂದ್ರೆ ಈ ಬಲ್ಬು ಉರೀತದೆ. ಉರೀತಾ ಐತಾ?"

"ಇಲ್ಲ."

"ಇಲ್ಲ. ನಾರಾಣಪ್ಪ, ನಿನ್ ಗಾಡೀಲಿ ಕಳ್ಳ ಇಲ್ಲಪ್ಪ. ಬ್ಯಾಟರಿನೂ ಚೆನ್ನಾಗೈತೆ, ಚಾರ್ಜೂ ಆಗ್ತಾ ಐತೆ."

"ಮತ್ತೆ ಬೆಳಿಗ್ಗೆ ಯಾಕೆ ಸಾಯ್ತದೆ?"

"ಅಲ್ಲಾನೇ ಬಲ್ಲ," ಅಂದು ಬಾಷಣ್ಣ ತಲೆ ಕೆರೆದುಕೊಂಡ. ಅಪ್ಪನಿಗೆ ಅನುಮಾನ ಟೇಪ್ ರೆಕಾರ್ಡರ್ ಮೇಲೆ. ಅದನ್ನ ಕಿತ್ತು ಹಾಕಿಸಿದ. ಹಾರನ್ನಿನ ತಂತಿ ಕಿತ್ತ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಹಾಡೂ ಇಲ್ಲ, ಹಾರನ್ನೂ ಇಲ್ಲ, ವ್ಯಾನು ಮಾತ್ರ ಬೆಳಿಗ್ಗೆ "ಟಿಕ್". ಅಜ್ಜಿ ನಿಂಬೆಹಣ್ಣು ಕಟ್ಟಿದಳು, ಮೆಣಸಿನಕಾಯಿ ನಿವಾಳಿಸಿದಳು. "ಎವರಿ ದಿಷ್ಟೋ ಏಮೋ, ನನ್ನ ಕೂಸಿನ ವ್ಯಾನಿಗೇ ಬೀಳ್ಬೇಕಾ," ಅಂತ ಬೀದಿಗೆಲ್ಲ ಕೇಳುವ ಹಾಗೆ ಬೈದಳು. ಯಾರ ಕಣ್ಣು ಬಿತ್ತೋ ಏನೋ ಅಂತ; ಅಜ್ಜಿಗೆ ಸಿಟ್ಟು ಬಂದರೆ ಅರ್ಧ ತೆಲುಗು.

ಹೀಗಿರುವಾಗ ಒಂದು ಮಧ್ಯಾಹ್ನ ಜಗಲಿ ಮೇಲೆ ಎಲ್ಲರೂ ನೆನೆಸಿದ ಅವರೆಕಾಳು ಹಿದುಕುತ್ತಾ ಕೂತಿದ್ದೆವು. ಸಿಪ್ಪೆಯಿಂದ ಬೇಳೆ 'ಪುಳಕ್' ಅಂತ ಜಾರಿ ಬೀಳುವುದು, ಅದನ್ನ ನಾನು ಅತ್ತೆಯ ಹೊಟ್ಟೆಗೆ ಗುರಿ ಇಟ್ಟು ಹಾರಿಸುವುದು, ಅವಳು "ಒಳಗಿರೋದು ಬೈತದೆ ನೋಡೇ" ಅನ್ನುವುದು. ಅತ್ತೆಗೆ ಏನೂ ಕೆಲಸ ಮಾಡೋಕೆ ಅಜ್ಜಿ ಬಿಡುತ್ತಿರಲಿಲ್ಲ. ಜಗಲಿ ಮೇಲೆ ಕೂತು ಬೀದಿ ನೋಡುವುದೊಂದೇ ಅವಳ ಪಾಲಿನ ಕೆಲಸ. ನೋಡಿ ನೋಡಿ ಅವಳಿಗೆ ಯಾವ ನಾಯಿ ಯಾವ ಹೊತ್ತಿಗೆ ಎಲ್ಲಿ ಮಲಗುತ್ತದೆ ಅನ್ನುವುದೂ ಗೊತ್ತಿತ್ತು.

"ಅಣ್ಣ," ಅಂದಳು ಇದ್ದಕ್ಕಿದ್ದ ಹಾಗೆ, "ಹುಳ ಜ್ವರಕ್ಕೆ ಹೋದಾಗ ವ್ಯಾನು ಗಟ್ಟಿಯಾಗಿರ್ತದೆ ಅಲ್ವಾ?"

"ಏನಂದೆ?"

"ಹುಳ ಎದ್ರೆ ವ್ಯಾನು ಮಲಗ್ತದೆ. ಹುಳ ಮಲಗಿದ್ರೆ ವ್ಯಾನು ಏಳ್ತದೆ. ಹೋದ ಜ್ವರದಲ್ಲೂ ನೋಡ್ದೆ, ಈ ಜ್ವರದಲ್ಲೂ ನೋಡ್ದೆ. ನೀನು ಬಾಷಣ್ಣನ ಹತ್ರ ಹೋಗೋದು ಯಾವಾಗ? ಹುಳಕ್ಕೆ ಮೇವಿಲ್ಲದಾಗ. ಅವನಿಗೆ ಕಾಯಿಲೆ ಹೆಂಗೆ ಕಾಣ್ಬೇಕು?"

ಅಪ್ಪ ಹಿದುಕುವುದನ್ನ ನಿಲ್ಲಿಸಿದ. ಅಜ್ಜಿ ಮಾತ್ರ, "ಹೂಂ, ಹುಳಕ್ಕೂ ವ್ಯಾನಿಗೂ ಸಂಬಂಧ ಕಟ್ಟು ನೀನು, ಬಸುರೀಲಿ ಎಲ್ಲರಿಗೂ ಹಿಂಗೇ ಏನೇನೋ ಹೊಳೀತದೆ," ಅಂದು ನಕ್ಕಳು. ಅಪ್ಪ ನಗಲಿಲ್ಲ. ಸೈಕಲ್ಲು ಹತ್ತಿ ಹೋಗಿ ಶಿಡ್ಲಘಟ್ಟದ ಬಸ್ಸು ಹಿಡಿದು, ಬಾಷಣ್ಣನ ಆ ಪರೀಕ್ಷೆ ಬಲ್ಬನ್ನೇ ಕೇಳಿ ತಂದ. "ತಗೊಂಡು ಹೋಗು, ಕಳ್ಳ ನಿನ್ ಮನೇಲೇ ಇರ್ಬೇಕು, ಅಲ್ಲೇ ಹಿಡಿ," ಅಂದಿದ್ದನಂತೆ ಬಾಷಣ್ಣ.

ಹುಳ ಕೊನೆಯ ಜ್ವರದಿಂದ ಎದ್ದವು. ಆವತ್ತು ಸಂಜೆ ವ್ಯಾನು ತೋಟದಿಂದ ಸೊಪ್ಪು ತುಂಬಿಕೊಂಡು ಬಂತು. ಆ ಹಸಿ ಸೊಪ್ಪಿನ ವಾಸನೆ ಇವತ್ತಿಗೂ ನನ್ನ ಮೂಗಿನಲ್ಲಿದೆ. ಅಪ್ಪ ಮುಂದಿನ ಸೀಟು ಎತ್ತಿ, ಅದರ ಕೆಳಗಿದ್ದ ಬ್ಯಾಟರಿಯ ತಂತಿ ಬಿಚ್ಚಿ ಬಲ್ಬು ಸಿಕ್ಕಿಸಿದ. ನಾವೆಲ್ಲ ಬಗ್ಗಿ ನೋಡಿದೆವು. ಉರಿಯಲಿಲ್ಲ.

"ಏನೂ ಇಲ್ವಲ್ಲಪ್ಪ," ಅಂತ ಅಪ್ಪ ಸೋತವನ ಹಾಗೆ ಹೇಳುತ್ತಿದ್ದ, ಅಷ್ಟರಲ್ಲಿ ಬಲ್ಬು ಫಕ್ಕನೆ ಹತ್ತಿಕೊಂಡಿತು.

"ಹತ್ಕೊಂತು! ಹತ್ಕೊಂತು!" ನಾನು ಕುಣಿದುಬಿಟ್ಟೆ. ಅಪ್ಪ ಫ್ಯೂಸುಗಳ ಮೇಲೆ ಕೈಯಾಡಿಸುತ್ತಾ, "ಯಾರು ಏನು ಮುಟ್ಟಿದ್ರಿ?" ಅಂತ ಕೂಗಿದ. ಯಾರೂ ಏನೂ ಮುಟ್ಟಿರಲಿಲ್ಲ. ಜಗಲಿ ಮೇಲಿದ್ದ ಅತ್ತೆ ಗೋಡೆ ಹಿಡಿದುಕೊಂಡು ಮೆಲ್ಲಗೆ ಎದ್ದು ನಿಂತಳು. ಅವಳು ಬಲ್ಬು ನೋಡುತ್ತಿರಲಿಲ್ಲ. ವ್ಯಾನಿನ ಹಿಂದೆ ಒದ್ದೆ ಗೋಣಿಚೀಲ ಹಿಡಿದು ನಿಂತಿದ್ದ ಅಜ್ಜಿಯನ್ನ ನೋಡುತ್ತಿದ್ದಳು.

"ಅವ್ವ, ಆ ಹಿಂದ್ಲ ಬಾಗ್ಲು ಮುಚ್ಚು."

"ಯಾಕೆ? ಈಗಿನ್ನೂ ಕೋಲು ಕೊಟ್ಟೆ. ಮುಚ್ಚಿದ್ರೆ ಸೊಪ್ಪು ಬೇಯ್ತದೆ ಕಣೇ, ಗಾಳಿ ಬೇಡ್ವಾ?"

"ಬೇಯ್ಲಿ, ಒಂದ್ ಗಳಿಗೆ ಮುಚ್ಚವ್ವ."

ಅಜ್ಜಿ ಗೊಣಗಿಕೊಂಡು ಕೋಲು ತೆಗೆದು ಬಾಗಿಲು ಹಾಕಿದಳು. ಬಲ್ಬು ಆರಿತು.

"ಈಗ ತೆಗಿ."

ಉರಿಯಿತು.

"ಮುಚ್ಚು."

ಆರಿತು. ಅಪ್ಪ ಓಡಿಹೋಗಿ ಬಾಗಿಲು ತೆಗೆದು ಸೊಪ್ಪನ್ನೆಲ್ಲ ಬಾಚಿ ಬಾಚಿ ಕೆಳಗೆ ಹಾಕಿದ. ಒಳಗಡೆ ತಗಡಿನ ಬುಡದಲ್ಲಿ, ಮೂಲೆಯಲ್ಲಿ, ಒಂದು ದಪ್ಪ ದೀಪ ಸಣ್ಣಗೆ ಉರಿಯುತ್ತಿತ್ತು. ಹಳೇ ಅಂಗಡಿಯವರು ಮೂಟೆ ಇಳಿಸುವಾಗ ಕಾಣಲಿ ಅಂತ ಹಾಕಿಸಿಕೊಂಡದ್ದು. ಬಾಗಿಲು ತೆಗೆದರೆ ಉರಿಯಬೇಕು, ಮುಚ್ಚಿದರೆ ಆರಬೇಕು. ಹಗಲು ಬೆಳಕಿನಲ್ಲಿ ಅದು ಉರಿಯುವುದು ಕಾಣದೆ, ಕೆಟ್ಟು ಹೋಗಿದೆ ಅಂತಲೇ ಅಪ್ಪ ತಿಳಿದಿದ್ದ. ಅಜ್ಜಿ ದಿನಾ ಸೊಪ್ಪಿಗೆ ಗಾಳಿಯಾಡಲಿ ಅಂತ ಬಾಗಿಲಿಗೆ ಕೋಲು ಕೊಟ್ಟು, ಗೋಣಿಚೀಲ ಇಳಿಬಿಡುತ್ತಿದ್ದಳು. ಸೊಪ್ಪಿನ ಅಡಿಯಲ್ಲಿ ದೀಪ ಬೆಳಗಿನವರೆಗೆ ಉರಿದು ಬ್ಯಾಟರಿ ಖಾಲಿ ಮಾಡುತ್ತಿತ್ತು. ಬೆಳಿಗ್ಗೆ ಸೊಪ್ಪು ಇಳಿಸುವ ಹೊತ್ತಿಗೆ ಬ್ಯಾಟರಿಯೇ ಸತ್ತಿರುತ್ತಿತ್ತು, ದೀಪ ಕಾಣುವುದು ಎಲ್ಲಿಂದ? ಅಮ್ಮ ಮಾತ್ರ ಆ ಮೂಲೆಯನ್ನೇ ದಿಟ್ಟಿಸಿ, "ಅದಕ್ಕೇ ಬಾಡ್ತಿತ್ತು," ಅಂದಳು. ನೀರು ಚಿಮುಕಿಸಿದ್ದು ಸರಿಯಾಗಿತ್ತು ಅಂತ ಆವತ್ತು ತೀರ್ಮಾನವಾಯಿತು.

ಅಜ್ಜಿ ಕುಸಿದು ಕೂತಳು. "ನಾನೇನಾ? ನನ್ನ ಕೈಯಾರೆ ನಾನೇ ಮಾಡ್ತಿದ್ನಾ?" ಅಂತ ಅಂಗೈ ನೋಡಿಕೊಂಡು ಅಳೋಕೆ ಶುರು ಮಾಡಿದಳು. ನಮ್ಮಜ್ಜಿ ಅತ್ತದ್ದು ನಾನು ಅದೇ ಮೊದಲು ನೋಡಿದ್ದು. ನನಗೂ ಅಳು ಬಂತು.

ಅತ್ತೆ ಕಷ್ಟಪಟ್ಟು ಅವಳ ಪಕ್ಕ ಕೂತಳು. "ಅಳ್ಬೇಡ ಬಿಡವ್ವ. ಕೋಣೆ ನನಗೆ ಕೊಟ್ಟೆ ಅಂತ ತಾನೆ ಸೊಪ್ಪು ವ್ಯಾನಿಗೆ ಬಂದಿದ್ದು? ನನ್ನ ಮೇಲೆ ಪ್ರೀತಿ ಒಂದು ಚೂರು ಕಮ್ಮಿ ಇದ್ದಿದ್ರೆ ವ್ಯಾನು ಸುಖವಾಗಿರ್ತಿತ್ತು ನೋಡು."

ಅಜ್ಜಿ ಅಳುತ್ತಲೇ ನಕ್ಕಳು. ಅಪ್ಪ ಆ ದಪ್ಪ ಬಲ್ಬನ್ನ ತಿರುಗಿಸಿ ಕಿತ್ತು ಅವಳ ಕೈಗೆ ಕೊಟ್ಟ. "ತಗೋ ನಿನ್ನ ಕಳ್ಳನ್ನ. ಇನ್ನು ಎಷ್ಟು ಬೇಕಾದ್ರೂ ಬಾಗ್ಲು ತೆಗೆದಿಡು." ಅಜ್ಜಿ ಕೇಳಬೇಕಲ್ಲ! ಆ ವ್ಯಾನಿನಲ್ಲಿ ಇನ್ನೊಂದೆಲೆ ಸೊಪ್ಪು ಉಳಿಯಕೂಡದು ಅಂದಳು. ನಡುಮನೆಯಲ್ಲಿ ತಾನು ಮಲಗುವ ಜಾಗ ಬಿಟ್ಟುಕೊಟ್ಟು ಅಲ್ಲಿ ಸೊಪ್ಪು ಹರಡಿಸಿದಳು, ತಾನು ಮೂಲೆಗೆ ಮುದುಡಿಕೊಂಡಳು. ದಿನಾ ಸಂಜೆ ವ್ಯಾನಿನ ಹಿಂದೆ ಹೋಗಿ, ಮುಚ್ಚಿದ ಬಾಗಿಲನ್ನೇ ಅಂಗೈಯಿಂದ ಎರಡು ಸಲ ಒತ್ತುವಳು. ಆಮೇಲೆ ಹುಬ್ಬಿನ ಮೇಲೆ ಕೈ ಅಡ್ಡ ಇಟ್ಟು, ಬಗ್ಗಿ, ಗಾಜಿನೊಳಗೆ ಇಣುಕುವಳು. ಕಿತ್ತ ಬಲ್ಬು ಉರಿಯುತ್ತಿದೆಯೇನೋ ಅನ್ನುವ ಹಾಗೆ. ನಾವು ಹಿಂದೆ ನಿಂತು ಅವಳನ್ನ ಅಣಕಿಸುತ್ತಿದ್ದೆವು.

ಹುಳ ಹಣ್ಣಾಗಿ ಗೂಡು ಕಟ್ಟೋಕೆ ತಯಾರಾದ ದಿನವೇ, ಬೆಳ್ಳಂಬೆಳಿಗ್ಗೆ, ಅತ್ತೆಗೆ ನೋವು ಕಾಣಿಸಿತು. ಮಂಜು ಎಷ್ಟು ದಟ್ಟ ಅಂದರೆ ಎದುರುಮನೆ ಕಾಣುತ್ತಿರಲಿಲ್ಲ. ಅಜ್ಜಿ, ಅಮ್ಮ ಅತ್ತೆಯನ್ನ ಕೈಹಿಡಿದು ನಡೆಸಿ ತಂದು ವ್ಯಾನಿನಲ್ಲಿ ಮಲಗಿಸಿದರು. ಗದ್ದಲ ಕೇಳಿ ಮುನಿಶಾಮಣ್ಣ ಬಂದ, ಹಾಲಿನವರು ಬಂದರು, ಎಲ್ಲರೂ ಬಂದರು. ಯಾರೂ ಕರೆದಿರಲಿಲ್ಲ. ಬಂದವರೇ ವ್ಯಾನಿನ ಹಿಂದೆ ಸಾಲಾಗಿ ನಿಂತು ಕೈ ಕೊಟ್ಟರು, ಅಭ್ಯಾಸಬಲ. ಅಪ್ಪ ಕೀ ಹಾಕಿದ. ಒಳಗೆ ಅತ್ತೆಯ ಪಕ್ಕ ಕೂತಿದ್ದ ಅಜ್ಜಿ ಕಣ್ಣು ಮುಚ್ಚಿದ್ದಳು.

ಕೀ ತಿರುಗಿದ್ದೇ ತಡ, ವ್ಯಾನು ಗುರ್ ಅಂತ ಎದ್ದು ಹೊರಟೇಬಿಟ್ಟಿತು. ಭಾರ ಹಾಕಿ ನಿಂತಿದ್ದವರೆಲ್ಲ ಒಬ್ಬರ ಮೇಲೊಬ್ಬರು ಮುಗ್ಗರಿಸಿದರು. ಮುನಿಶಾಮಣ್ಣ ಮಣ್ಣಲ್ಲಿ ಬಿದ್ದುಕೊಂಡೇ, "ಲೋ ನಾರಾಣಪ್ಪ, ನಮ್ಮನ್ನ ಬಿಟ್ಟೇ ಹೋದ್ಯಲ್ಲೋ!" ಅಂತ ಕೂಗಿದ. ಬೀದಿಯೆಲ್ಲ ನಕ್ಕಿತು. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು.

ನಗು ನಿಂತ ಮೇಲೆ ಮುನಿಶಾಮಣ್ಣನ ಹೆಂಡತಿ, "ಹಣ್ಣಾದ ಹುಳ ಕಾಯ್ತಾವೇನಮ್ಮ, ಬಾ ಆಯೋಣ," ಅಂದಳು. ಬೀದಿಯ ಹೆಂಗಸರೆಲ್ಲ ಕಾಲು ತೊಳೆದುಕೊಂಡು ಹುಳುಮನೆಗೆ ನುಗ್ಗಿದರು. ಹಣ್ಣಾದ ಹುಳ ಆರಿಸಿ, ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳಿಗೆ ಬಿಟ್ಟರು. ಮಧ್ಯಾಹ್ನದ ಹೊತ್ತಿಗೆ ಹಾರನ್ನಿಲ್ಲದ ವ್ಯಾನು ವಾಪಸು ಬಂತು. ಅಪ್ಪ ಇಳಿಯುವ ಮೊದಲೇ ಕಿಟಕಿಯಿಂದ ಕೂಗಿದ: "ಹೆಣ್ಣು ಮಗು! ಇಬ್ರೂ ಚೆನ್ನಾಗವ್ರೆ! ಹೊತ್ತಿಗೆ ಸರಿಯಾಗಿ ತಂದ್ರಿ ಅಂದ್ರು ಡಾಕ್ಟ್ರಮ್ಮ!" ಅಷ್ಟು ಹೇಳಿ ಸ್ಟೇರಿಂಗಿನ ಮೇಲೆ ತಲೆ ಇಟ್ಟು ಅತ್ತ. ಆವತ್ತು ಹಿದುಕಿದ ಬೇಳೆ ಸಾರು, ಮುದ್ದೆ ಬೀದಿಗೆಲ್ಲ ನಮ್ಮ ಮನೆಯದೇ.

ಮಗುವಿಗೆ ದೀಪ ಅಂತ ಹೆಸರಿಡೋಣ ಅಂತ ಮಂಚೇನಹಳ್ಳಿ ಮಾವ ಹೇಳಿದಾಗ ಅಜ್ಜಿ, "ಆ ದೀಪದ ಸುದ್ದಿ ಎತ್ತಿದ್ರೆ ನೋಡು!" ಅಂತ ಹಾರಿಬಿದ್ದಳು. ರೂಪ ಅಂತ ಇಟ್ಟರು. ರೂಪ ತೊಟ್ಟಿಲು ಬಿಟ್ಟು ನಡೆಯುವ ಮೊದಲೇ ಅಜ್ಜಿ ತೀರಿಹೋದಳು. ಆ ಬಲ್ಬು ದೇವರ ಗೂಡಿನಲ್ಲಿ ಅರಿಶಿನ ಕುಂಕುಮದ ಬಟ್ಟಲ ಪಕ್ಕ ಬಹಳ ಕಾಲ ಇತ್ತು. ಮನೆಗೆ ಟೈಲ್ಸ್ ಹಾಕಿಸುವಾಗ ಎಲ್ಲಿ ಹೋಯಿತೋ, ಯಾರನ್ನ ಕೇಳಿದರೂ ಗೊತ್ತಿಲ್ಲ.

ಈಗ ನಾನು ಚಿಕ್ಕಬಳ್ಳಾಪುರದಲ್ಲಿದ್ದೇನೆ, ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ಗೇರು ತಾನೇ ಹಾಕಿಕೊಳ್ಳುವ ಕಾರು ಇದೆ. ಮೊನ್ನೆ ಬೆಳಿಗ್ಗೆ ಅದು "ಟಿಕ್" ಅಂದಿತು. ಎಷ್ಟು ವರ್ಷಗಳ ಮೇಲೆ ಆ ಸದ್ದು! ನಾನು ಹುಚ್ಚಿಯ ಹಾಗೆ ಕಾರಿಳಿದು ಬೀದಿ ನೋಡಿದೆ. ಎಲ್ಲ ಗೇಟೂ ಮುಚ್ಚಿದ್ದವು. ತಳ್ಳುವವರು ಇದ್ದರೂ ಉಪಯೋಗವಿಲ್ಲವಂತೆ, ಈಗಿನ ಈ ಥರದ ಕಾರು ತಳ್ಳಿದರೆ ಸ್ಟಾರ್ಟ್ ಆಗುವುದೇ ಇಲ್ಲವಂತೆ. ಕೈ ಕೊಡೋಕೆ ಬರುವ ಬೀದಿಯೂ ಇಲ್ಲ, ಕೈ ಕೊಟ್ಟರೆ ಏಳುವ ಗಾಡಿಯೂ ಇಲ್ಲ. ನನಗೆ ಕಾರು ನಿಂತದ್ದಕ್ಕಿಂತ ಅದೇ ಹೆಚ್ಚು ಬೇಜಾರಾಯಿತು.

ರೂಪಾಗೆ ಫೋನ್ ಮಾಡಿದೆ. ಅವಳು ಚಿಂತಾಮಣಿ ಹತ್ತಿರ ಟೊಮೆಟೊ ಸಸಿಗಳ ನರ್ಸರಿ ನಡೆಸುತ್ತಾಳೆ. ಗಾಡಿ ತುಂಬ ಸಸಿ ಟ್ರೇ ಹೇರಿಕೊಂಡು ಊರೂರು ಸುತ್ತುವ ಗಟ್ಟಿಗಿತ್ತಿ. ಆವತ್ತು ಈ ಕಡೆಯೇ ಬರುತ್ತಿದ್ದಳಂತೆ. ಬಂದು ತನ್ನ ಗಾಡಿಯನ್ನ ನನ್ನ ಕಾರಿನ ಮೂತಿಗೆ ಮೂತಿ ತಾಗುವ ಹಾಗೆ ನಿಲ್ಲಿಸಿ, ಹಿಂದಿನ ಬಾಗಿಲು ತೆಗೆದು ಕೇಬಲ್ಲು ಎಳೆದಳು. ಅವಳ ಬ್ಯಾಟರಿಯಿಂದ ನನ್ನ ಬ್ಯಾಟರಿಗೆ ಜೋಡಿಸಿ, "ಹಾಕಕ್ಕ ಈಗ," ಅಂದಳು. ಕಾರು ಎದ್ದಿತು.

"ರಾತ್ರಿಯೆಲ್ಲ ಏನೋ ಆನ್ ಆಗಿತ್ತು ಕಣಕ್ಕ. ಕ್ಯಾಮೆರಾನೋ ಏನೋ ಹಾಕ್ಸಿದ್ಯಲ್ಲ, ಅದನ್ನ ತೋರ್ಸು. ಸೊಪ್ಪಂತೂ ತುಂಬಿಲ್ಲ ತಾನೆ?" ಅಂತ ಕಿಚಾಯಿಸಿದಳು. ಅವಳು ಹುಟ್ಟಿದ ಕಥೆ ಕೇಳಿ ಕೇಳಿ ಅವಳಿಗೆ ಸಾಕಾಗಿದೆ.

ಕೇಬಲ್ಲು ಸುತ್ತಿಟ್ಟು ತನ್ನ ಗಾಡಿಯ ಹಿಂದಿನ ಬಾಗಿಲು ಹಾಕಿದಳು. ಹಾಕಿ, ಮುಚ್ಚಿದ ಬಾಗಿಲನ್ನ ಅಂಗೈಯಿಂದ ಎರಡು ಸಲ ಒತ್ತಿದಳು. ಆಮೇಲೆ ಹುಬ್ಬಿನ ಮೇಲೆ ಕೈ ಅಡ್ಡ ಇಟ್ಟು, ಬಗ್ಗಿ, ಗಾಜಿನೊಳಗೆ ಇಣುಕಿದಳು.

"ಯಾರೇ ನಿನಗೆ ಹಂಗೆ ಮಾಡೋದು ಹೇಳಿಕೊಟ್ಟಿದ್ದು?" ಅಂದೆ.

"ಹೆಂಗೆ? ನಾನೇನ್ ಮಾಡ್ದೆ?" ಅಂದಳು ರೂಪ.